ಗುಂಡಿಯ ತೂಬು

ಅಪ್ಪಾ,

ನಿನಗೆ ಮುಖ ತೋರಿಸಲಾಗದೆ ಕೊಟ್ಟಿಗೆಹಾರಕ್ಕೆ ಬಂದು ಅತ್ತೆಯ ಮನೆಯಲ್ಲಿದ್ದೇನೆ.

ಕೃತಿಕಾ ಮೇಡಂ ಸಂಶೋಧನೆಗೆಂದು ನಮ್ಮ ಹಳ್ಳದ ನೀರು ತುಂಬಿಕೊಳ್ಳಲು ಬರುವ ದಿನ, ಎಸ್ಟೇಟಿನವರು ಕಾಫಿ ಹಣ್ಣು ತೊಳೆದ ನೀರನ್ನು ಗುಂಡಿಯಲ್ಲಿ ತಡೆದಿಟ್ಟು, ಅವರು ಹೋದ ಮೇಲೆ ಹಳ್ಳಕ್ಕೆ ಬಿಡಿಸುತ್ತಿದ್ದರು.

“ನಿಮ್ಮ ಹಳ್ಳ ಎಷ್ಟು ಚೊಕ್ಕ ಇದೆ ಮಾರಾಯ್ತಿ!” ಎಂದರು ಮೇಡಂ.

“ನಾಳೆ ಯಾರಿಗೂ ಹೇಳ್ದೆ ಬನ್ನಿ, ಮೂಗು ಮುಚ್ಕೊಂಡು ನೋಡಿ” ಎಂದೆ. ಮರುದಿನ ಅವರು ಬಂದು ನೋಡಿದ್ದರಿಂದಲೇ ಎಲ್ಲ ಹೊರಬಿತ್ತು.

ಗುಂಡಿಯ ತೂಬು ಎತ್ತುವವನು ನೀನೆಂದು ಹಾಗೆ ಹೇಳುವಾಗ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಧಣಿಗಳು ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿ ಕೆಲಸದಿಂದ ತೆಗೆಯುತ್ತಾರೆಂದು ಸ್ಕೂಲು ಬಿಟ್ಟ ಈ ತಲೆಗೆ ಹೊಳೆಯಲಿಲ್ಲ. ಅದೇ ಸಂಕಟ.

ಹಳ್ಳದ ನೀರು ಸದ್ಯಕ್ಕೆ ಕುಡಿಯಬೇಡಿ. ಅಮ್ಮ ಕಾಯಿಸಿದರೂ ಸಾಲದು ಎಂದರು ಮೇಡಂ.

ಶನಿವಾರ ಮತ್ತೆ ನೀರು ತುಂಬಿಕೊಳ್ಳಲು ಮೇಡಂ ಜೊತೆ ತೂಬಿನ ಹತ್ತಿರ ಬರುತ್ತೇನೆ. ಬೈಯಲಾದರೂ ಬಾ.

ನಿನ್ನ ಮಗಳು,
ಮೋನಿಕಾ