ಕಾರ್ತಿಕದ ಪಾಯ

ಭಾನುವಾರ, 9 ಅಕ್ಟೋಬರ್ 2011. ಪಟ್ಟಂದೂರು ಅಗ್ರಹಾರ

ಹೊಸ ಮನೆಗೆ ಪಾಯ ಯಾವಾಗ ತೆಗೆಯುವುದು ಎಂಬ ಚರ್ಚೆ ಇವತ್ತೂ ಮುಗಿಯಲಿಲ್ಲ. ಸಂಕ್ರಾಂತಿ ಕಳೆಯಲಿ, ಮಳೆಯ ಕಾಟ ಇರುವುದಿಲ್ಲ ಎನ್ನುತ್ತಾನೆ ನನ್ನ ಗಂಡ ಲೋಕೇಶ್. ಮೇಸ್ತ್ರಿ ಕೊಟ್ರಪ್ಪ ಒಪ್ಪಲಿಲ್ಲ. "ಬ್ಯಾಸಿಗ್ಯಾಗ ಗ್ವಾಡಿಗೆ ಹೊಡ್ಯಾಕ ನೀರು ಎಲ್ಲಿಂದ ತರ್ತೀರಿ ಸಾರ್? ದೀಪಾವಳಿ ಆದಮ್ಯಾಲ ಚಾಲೂ ಮಾಡೂಣ್ರಿ" ಎಂದ. ಅತ್ತೆಯದೂ ಅದೇ ಹಟ. ಧನುರ್ಮಾಸ ಬರುವ ಮುಂಚೆ, ಕಾರ್ತಿಕದಲ್ಲೇ ಗುದ್ದಲಿಪೂಜೆ ಆಗಬೇಕಂತೆ.

ನಾನು ಮಾತ್ರ ಸುಮ್ಮನಿದ್ದೆ. ಬಸುರಿ ಇರುವ ಮನೆಯವರು ಪಾಯ ತೆಗೆಯಬಾರದು ಎನ್ನುತ್ತಾರೆ ನಮ್ಮಲ್ಲಿ. ನಾನು ಬಾಯಿ ಬಿಟ್ಟರೆ ಇವರ ಕಾರ್ತಿಕ, ಸಂಕ್ರಾಂತಿ ಎರಡೂ ಮುಗಿದವು. ಆದರೆ ಹೋದ ಸಲ ಬೇಗ ಹೇಳಿ, ಆಮೇಲೆ ಕಳೆದುಕೊಂಡು, ಬೀದಿಯವರಿಂದ 'ಅಯ್ಯೋ ಪಾಪ' ಅನ್ನಿಸಿಕೊಂಡಿದ್ದು ಸಾಕು. ಲೋಕೇಶನಿಗೂ ಈಗಲೇ ಹೇಳುವುದಿಲ್ಲ. ಅವನ ಬಾಯಲ್ಲಿ ಸಂತೋಷ ನಿಲ್ಲುವುದಿಲ್ಲ.

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ವಾಸನೆಗೆ ಹೊಟ್ಟೆ ತೊಳೆಸಿ ಹಿತ್ತಲಿಗೆ ಓಡಿದೆ. ವಾಪಸ್ ಬಂದಾಗ ಅತ್ತೆ ನನ್ನ ಮುಖ ನೋಡಿ, ಮಗನ ಕಡೆ ತಿರುಗಿದರು.

"ಈ ವರ್ಷ ಬ್ಯಾಡ ಕಣೋ ಲೋಕೇಶ. ಯಾಕೋ ನನ್ ಮನ್ಸು ಒಪ್ತಿಲ್ಲ."

"ಬೆಳಗ್ಗೆಯಿಂದ ಕಾರ್ತಿಕ ಕಾರ್ತಿಕ ಅಂತಿದ್ದೋಳು ನೀನೇ ಅಲ್ವೇನಮ್ಮ!" ಎಂದು ಲೋಕೇಶ್ ರೇಗಿದ. ಕೊಟ್ರಪ್ಪ ಮುಖ ಗಂಟಿಕ್ಕಿಕೊಂಡು ಎದ್ದುಹೋದ. ಅತ್ತೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಆಸೆಪಟ್ಟ, ಕಿಟಕಿ ಇರುವ ಅಡುಗೆಮನೆ ಇನ್ನೊಂದು ವರ್ಷ ದೂರ ಹೋಯಿತು. ಬೇಸರವಾಗಬೇಕಿತ್ತು, ಆಗುತ್ತಿಲ್ಲ.

ಪಾತ್ರೆ ತೊಳೆಯುವಾಗ ಅತ್ತೆ ಬಂದು ಕಾಫಿಪುಡಿ ಡಬ್ಬಿ ಎತ್ತಿಕೊಂಡರು. "ನಾಳೆಯಿಂದ ಕಾಫಿ ಹಿತ್ತಲ ಒಲೇಲಿ ಕಾಯಿಸ್ಕೊತೀನಿ. ಒಳಗೆ ಬಲು ಸೆಕೆ" ಎಂದರು.

ಹೊರಗೆ ಮಳೆ ಹಿಡಿದಿತ್ತು. ಅವರು ಸ್ವೆಟರ್ ಹಾಕಿಕೊಂಡಿದ್ದರು.