ಎಡಗಡೆ ಸೀಟಿನ ಬೆಲ್ಟು

ಹಳೇಬೀಡು
೧೨-೨-೨೦೨೫, ಬುಧವಾರ

ಪ್ರೀತಿಯ ಮಗಳು ಹೇಮಾ,

ನಿಮ್ಮಪ್ಪ ಬರೆಯುತ್ತಿರುವುದು. ಹೇಗಿದ್ದೀಯ? ಅಳಿಯಂದಿರ ಸೊಂಟದ ನೋವು ಈಗ ಹೇಗಿದೆ? ವರ್ಕ್‌ಶಾಪಿನಲ್ಲಿ ಭಾರ ಎತ್ತುವಾಗ ಬಗ್ಗಿ ಎತ್ತಬೇಡಿ, ಕೂತು ಎತ್ತಿ ಅಂತ ನಾನು ಹೇಳಿದೆನೆಂದು ಚನ್ನೇಶ್ ಅವರಿಗೆ ಹೇಳು. ಶ್ರೀಜಾಳ ಕೆಮ್ಮು ನಿಂತಿತೇ? ಹುಬ್ಬಳ್ಳಿಯ ಧೂಳಿಗೆ ಮಗುವನ್ನು ಬಿಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು, ಅದಕ್ಕೇ ಅಕ್ಷರ ಇಷ್ಟು ದಪ್ಪ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ಫೋನು ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ಹೇಳಲು ಹೋದರೆ ನಿಮ್ಮಮ್ಮ ಪಕ್ಕದಲ್ಲೇ ನಿಂತಿರುತ್ತಾಳೆ, ನೀನೂ ಅರ್ಧಕ್ಕೇ “ಅಪ್ಪಾ, ಶುರು ಮಾಡಿದ್ರಾ” ಅನ್ನುತ್ತೀಯ. ಕಾಗದವನ್ನಾದರೆ ಪೂರ್ತಿ ಓದುತ್ತೀಯ ಅಂತ ನಂಬಿದ್ದೇನೆ.

ಮೊನ್ನೆ ಸೋಮವಾರ ಮಧ್ಯಾಹ್ನ ಉಂಡು ಮಲಗಿದ್ದಾಗ ಒಂದು ಕೆಟ್ಟ ಕನಸು ಬಿತ್ತು. ಧರ್ಮೇಶನ ಕಾರು ನಮ್ಮ ಮನೆ ಮುಂದೆ ನಿಂತಿದೆ. ನಾಲ್ಕೂ ಬಾಗಿಲು ಹಾಕಿದೆ, ಒಳಗೆ ಯಾರೂ ಇಲ್ಲ. ಹಿಂದಿನ ಸೀಟಿನ ಎಡಗಡೆಯ ಬೆಲ್ಟು ತನ್ನಷ್ಟಕ್ಕೆ ತಾನೇ ಕೆಳಗಿಳಿಯುತ್ತಿದೆ. ಬೇಗ ಅಲ್ಲ, ನಿದ್ದೆ ಹೋದ ಮಗುವಿನ ಮೇಲೆ ಹೊದಿಕೆ ಎಳೆಯುವ ಹಾಗೆ, ನಿಧಾನ. ಚಿಕ್ಕವರು ಯಾರಾದರೂ ಕೂತಿದ್ದರೆ ಬೆಲ್ಟು ಎಷ್ಟು ಉಬ್ಬಬೇಕೋ ಅಷ್ಟು ಉಬ್ಬಿ, ಕಟ್ ಅಂತ ಲಾಕ್ ಆಯಿತು. ನಾನು ಗಾಜಿಗೆ ಮುಖ ಇಟ್ಟು ನೋಡಿದರೆ ಗಾಜಿನ ಒಳಮೈಗೆ ಉಸಿರಿನ ಮಂಜು ಕಟ್ಟಿದ ಗುರುತಿತ್ತು, ಅಂಗೈಯಗಲ. ಎದ್ದು ಕೂತಾಗ ಬನಿಯನ್ ನೆನೆದುಹೋಗಿತ್ತು. ನಿಮ್ಮಮ್ಮ ನೋಡಿ, “ಬದನೆಕಾಯಿ ಬಜ್ಜಿ ಅಷ್ಟೊಂದ್ ತಿನ್‌ಬ್ಯಾಡಿ ಅಂತ ಬಡ್ಕಂಡೆ” ಅಂದಳು.

ಇದು ಬಜ್ಜಿಯಿಂದ ಬಿದ್ದ ಕನಸಲ್ಲ ಹೇಮಾ. ಅಳಿಯಂದಿರು ಬರಲಾಗದೆ ನೀನೊಬ್ಬಳೇ ಇಪ್ಪತ್ತೊಂದನೇ ತಾರೀಖು ಶುಕ್ರವಾರ ಶ್ರೀಜಾಳ ಮುಡಿ ತೆಗೆಸಲು ಬರುತ್ತಿದ್ದೀಯ. ಅರಸೀಕೆರೆಯಲ್ಲಿ ರೈಲಿಳಿದರೆ ಮನೆಗೆ ಬರಬೇಕಾದದ್ದು ಇದೇ ಕಾರಿನಲ್ಲಿ. ಆ ಕಾರಿನ ವಿಷಯ ನಿನಗೆ ಯಾರೂ ಹೇಳಿಲ್ಲ, ಅದನ್ನು ಹೇಳುತ್ತೇನೆ.

ನಿನ್ನ ಚಿಕ್ಕಪ್ಪನ ಮಗ ಧರ್ಮೇಶ ದೀಪಾವಳಿಯಲ್ಲಿ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಟ್ಯಾಕ್ಸಿಗೆ ಬಿಟ್ಟ. ಅರಸೀಕೆರೆ ಸ್ಟೇಷನ್ನಿಗೆ ಹೋಗಿ, ದೇವಸ್ಥಾನ ನೋಡಲು ಬರುವವರನ್ನು ಹತ್ತಿಸಿಕೊಂಡು, ಜಾವಗಲ್ ಮೇಲೆ ಹಳೇಬೀಡಿಗೆ, ಇಲ್ಲಿಂದ ಬೇಲೂರಿಗೆ ಕರೆದುಕೊಂಡು ಹೋಗುತ್ತಾನೆ. ಮನೆಯಲ್ಲಿ ಕೂರಲಾಗದೆ ನಾನೂ ಮುಂದಿನ ಸೀಟಿನಲ್ಲಿ ಹೋಗುತ್ತಿರುತ್ತೇನೆ. ಈಗಿನ ಕಾರಿನಲ್ಲಿ ಹಿಂದೆ ಕೂತವರು ಬೆಲ್ಟು ಹಾಕದಿದ್ದರೂ ಮುಂದೆ ಕೆಂಪು ಲೈಟು ಹತ್ತಿ ಟಿಣ್ ಟಿಣ್ ಅನ್ನುತ್ತದೆ, ಯಾವ ಸೀಟು ಅಂತಲೂ ಚಿತ್ರದಲ್ಲಿ ತೋರಿಸುತ್ತದೆ. ಒಂದು ದಿನ ಹಿಂದೆ ಯಾರೂ ಇಲ್ಲದೆ ನಾವಿಬ್ಬರೇ ವಾಪಸು ಬರುತ್ತಿದ್ದೆವು. ಜಾವಗಲ್ ದಾಟಿ ಸುಮಾರು ದೂರ ಬಂದ ಮೇಲೆ ಒಂದು ಮೋರಿ ಇದೆ, ಸುಣ್ಣ ಬಳಿದದ್ದು. ಮೋರಿಯ ಹತ್ತಿರ ಲೈಟು ಹತ್ತಿತು. ಹಿಂದಿನ ಸೀಟು, ಎಡಗಡೆ. ಎರಡು ಕಿಲೋಮೀಟರು ಹೊಡೆದುಕೊಂಡು, ಹಾಲಿನ ಡೈರಿ ಮುಂದೆ ನಿಂತುಹೋಯಿತು. ಮಾರನೇ ದಿನವೂ ಅಷ್ಟೇ. ಮೋರಿಯಲ್ಲಿ ಶುರು, ಡೈರಿಯಲ್ಲಿ ನಿಲ್ಲುವುದು. ಹೋಗುವಾಗ ಇಲ್ಲ, ಹಳೇಬೀಡಿನ ಕಡೆಗೆ ಬರುವಾಗ ಮಾತ್ರ. ಯಾರೋ ಅಲ್ಲಿ ಹತ್ತಿ ಇಲ್ಲಿ ಇಳಿದ ಹಾಗೆ. ಬ್ಯಾಗಿನ ಭಾರಕ್ಕೂ ಹೀಗಾಗುತ್ತದೆ ಅಂದರು, ಸೀಟಿನ ಮೇಲೆ ಒಂದು ಕರವಸ್ತ್ರವೂ ಇಲ್ಲದ ಹಾಗೆ ಮಾಡಿ ನೋಡಿದೆ. ಹಾಸನದ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಅಂದ. ಧರ್ಮೇಶನಿಗೆ ತಮಾಷೆ. “ಯಾರೋ ನಮ್ ಕಸ್ಟಮರ್ ಇರ್ಬೇಕು ಬುಡು ದೊಡ್ಡಪ್ಪ, ಪಾಸ್ ಮಾಡ್ಸವ್ರೆ” ಅನ್ನುತ್ತಿದ್ದ. ಕೊನೆಗೆ ಸದ್ದು ತಾಳಲಾರದೆ ಸೀಟ್ ಕವರ್ ಮಾರುವ ಅಂಗಡಿಯಿಂದ ಒಂದು ಕ್ಲಿಪ್ಪು ತಂದ. ಬೆಲ್ಟಿನ ತುದಿಯಲ್ಲಿರುತ್ತದಲ್ಲ ತಗಡು, ಅದೇ ಥರದ್ದು, ಬೆಲ್ಟು ಮಾತ್ರ ಇಲ್ಲ. ಅದನ್ನು ಲಾಕಿಗೆ ಸಿಕ್ಕಿಸಿದರೆ ಬೆಲ್ಟು ಹಾಕಿದ್ದಾರೆ ಅಂತ ಕಾರು ನಂಬಿಬಿಡುತ್ತದೆ. ಸಿಕ್ಕಿಸಿದ, ಸದ್ದು ನಿಂತಿತು. ಒಂದು ತಿಂಗಳು ಮೋರಿ, ಡೈರಿ ಎರಡನ್ನೂ ಸದ್ದಿಲ್ಲದೆ ದಾಟಿದೆವು.

ಹೋದ ತಿಂಗಳ ಕೊನೆಯ ಭಾನುವಾರ ದಾವಣಗೆರೆಯವರು ಮೂರು ಜನ ರೈಲಿಳಿದು ನಮ್ಮ ಕಾರು ಹತ್ತಿದರು. ಗಂಡ, ಹೆಂಡತಿ, ನಾಲ್ಕು ವರ್ಷದ ಗಂಡುಮಗು. ಆ ತಾಯಿ ಮಗುವನ್ನು ಎಡಗಡೆ ಕೂರಿಸಿ ಬೆಲ್ಟು ಎಳೆದು, ಸಿಕ್ಕಿಸಲು ಜಾಗ ಹುಡುಕಿದಳು. ಲಾಕಿನಲ್ಲಿ ಕ್ಲಿಪ್ಪು ಕೂತಿದೆ, ಅದರ ಮೇಲೆ ಸೀಟ್ ಕವರು ಬೇರೆ. “ಡ್ರೈವರ್, ಬೆಲ್ಟ್ ಎಲ್ಲಿ ಹಾಕೋದು?” ಅಂತ ಕೇಳಿದಳು. ಧರ್ಮೇಶ ತಿರುಗಿಯೂ ನೋಡದೆ, “ಬ್ಯಾಡ ಬುಡಿ ಅಕ್ಕ, ಮಗೂನ ಮಡಿಲಿಗ್ ಹಾಕ್ಕಳಿ, ಏನೂ ಆಗಲ್ಲ” ಅಂದ. ಆ ಮಾತು ನನಗೆ ಹೊಸದಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ.

ಜಾವಗಲ್ ದಾಟುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಜೋಂಪು ಹತ್ತಿತ್ತು. ಮೋರಿ ಬಂತು. ಕ್ಲಿಪ್ಪು ಲಾಕಿನಲ್ಲೇ ಇತ್ತು ಹೇಮಾ, ಆಮೇಲೆ ನಾನೇ ನನ್ನ ಕೈಯಿಂದ ಕಿತ್ತದ್ದು. ಆದರೂ ಲೈಟು ಹತ್ತಿತು. ಟಿಣ್ ಟಿಣ್ ಅಂತ ಶುರುವಾಯಿತು, ಮೊದಲಿಗಿಂತ ಜೋರಾಗಿ ಅಂತ ನನಗನ್ನಿಸಿತು. ಧರ್ಮೇಶ “ಬಂತಪ್ಪ ನಮ್ ಪಾಸಿಂದು” ಅಂತ ಹಾಡಿನ ಸೌಂಡು ಏರಿಸಲು ಕೈ ಹಾಕಿದ. ನಾನು ತಿರುಗಿ ನೋಡಿದೆ. ಮಗು ತಾಯಿಯ ಮಡಿಲಿನಿಂದ ಜಾರಿ ಇಳಿದು ಬಾಗಿಲಿಗೆ ಒರಗಿ ನಿಂತಿದೆ, ಎರಡೂ ಕೈಯಿಂದ ಬಾಗಿಲಿನ ಹಿಡಿ ಹಿಡಿದು ಎಳೆಯುತ್ತಿದೆ. ನಾನು ಕೂಗಿದ್ದು ಏನಂತ ನನಗೆ ಗೊತ್ತಿಲ್ಲ. ಧರ್ಮೇಶ ನಿಧಾನಕ್ಕೆ ಪಕ್ಕಕ್ಕೆ ತಂದು ನಿಲ್ಲಿಸಿದ, ಆ ಬುದ್ಧಿ ಅವನಿಗಿದೆ. ನಿಂತ ಮೇಲೆ ಬಾಗಿಲು ತೆರೆದುಕೊಂಡಿತು. ಅದೇ ಹೊತ್ತಿಗೆ ಕಾಯಿ ತುಂಬಿದ ಟ್ರ್ಯಾಕ್ಟರ್ ಒಂದು ತೋಟದ ದಾರಿಯಿಂದ ಹಿಂದೆ ಮುಂದೆ ನೋಡದೆ ರಸ್ತೆಗೆ ಬಂದು ನಮ್ಮ ಮುಂದೆಯೇ ಹೋಯಿತು. ನಾವು ನಿಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಬರೆಯುವುದಿಲ್ಲ.

ಕ್ಲಿಪ್ಪು ಕಿತ್ತು, ಮಗುವನ್ನು ಕೂರಿಸಿ, ನಿಜವಾದ ಬೆಲ್ಟು ಹಾಕಿದೆ. ಕಟ್ ಅಂದ ತಕ್ಷಣ ಲೈಟು ಆರಿತು. ಆದರೆ ದೊಡ್ಡವರ ಬೆಲ್ಟು ಮಗುವಿನ ಕುತ್ತಿಗೆಗೇ ಬರುತ್ತಿತ್ತು, ಊರು ಮುಟ್ಟುವ ತನಕ ಕೈ ಹಿಂದೆ ಚಾಚಿ ಬೆಲ್ಟನ್ನು ಕೆಳಗೆ ಹಿಡಿದುಕೊಂಡೇ ಬಂದೆ. ಚಿಕ್ಕ ಮಕ್ಕಳಿಗೆ ಅವರದೇ ಸೀಟು ಬೇಕು ಅಂತ ನೀನು ಫೋನಿನಲ್ಲಿ ಹೇಳಿದ್ದು ನನಗೆ ಅರ್ಥವಾದದ್ದು ಆವತ್ತು. ಅಂದಿನಿಂದ ಹಿಂದಿನ ಸೀಟು ಖಾಲಿ ಇದ್ದರೆ ಮೋರಿಗೆ ಮುಂಚೆ ಕಾರು ನಿಲ್ಲಿಸಿ, ಖಾಲಿ ಸೀಟಿಗೇ ಬೆಲ್ಟು ಹಾಕುತ್ತೇನೆ, ಡೈರಿ ಮುಂದೆ ಬಿಚ್ಚುತ್ತೇನೆ. ಹಾಕಿದರೆ ಸದ್ದಿಲ್ಲ. ಧರ್ಮೇಶ, “ದೊಡ್ಡಪ್ಪ, ಕಿಟಕಿ ಗಾಜೂ ಇಳಿಸ್ಲಾ, ಗಾಳಿ ಬೇಕಾ ಅಂತ ಕೇಳು” ಅನ್ನುತ್ತಾನೆ. ಅನ್ನಲಿ.

ಈಗ ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲದ್ದನ್ನು ನಿನಗೆ ಹೇಳುತ್ತೇನೆ. ತೊಂಬತ್ತೊಂಬತ್ತನೇ ಇಸವಿ, ನಿನಗೆ ಆಗ ಮೂರು ವರ್ಷ. ನಾನು ಜಾವಗಲ್ಲಿಗೂ ಹಳೇಬೀಡಿಗೂ ಟೆಂಪೋ ಓಡಿಸುತ್ತಿದ್ದೆ. ಅದೇ ಮೋರಿಯ ಹತ್ತಿರ ದಿನಾ ಬೆಳಿಗ್ಗೆ ಒಬ್ಬಳು ಹೆಂಗಸು ಮಗುವನ್ನು ಕರೆದುಕೊಂಡು ಹತ್ತುತ್ತಿದ್ದಳು, ಡೈರಿ ಪಕ್ಕದ ಅಂಗನವಾಡಿಗೆ ಬಿಡಲು. ಮಗುವನ್ನು ಎಡಗಡೆ ತನ್ನ ಪಕ್ಕ ಕೂರಿಸಿ, ಸೆರಗಿನಿಂದ ಸೊಂಟ ಸುತ್ತಿ ಸೀಟಿನ ಕಂಬಿಗೆ ಗಂಟು ಹಾಕುತ್ತಿದ್ದಳು. ಊರವರೆಲ್ಲ ನಗುತ್ತಿದ್ದರು. ಒಂದು ದಿನ ಸಂತೆ ಜನ, ಕಾಲಿಡಲು ಜಾಗವಿಲ್ಲ. “ಗಂಟು ಬಿಚ್ಚವ್ವ, ಮಗೂನ ಮಡಿಲಿಗ್ ಹಾಕ್ಕ, ಏನೂ ಆಗಲ್ಲ, ಇನ್ನೊಬ್ರು ಕೂತ್ಕಳ್ಳಿ” ಅಂದವನು ನಾನು. ಬಿಚ್ಚಿದಳು. ಅರ್ಧ ದಾರಿಯಲ್ಲಿ ಎಮ್ಮೆ ಅಡ್ಡ ಬಂತು, ಬ್ರೇಕ್ ತುಳಿದೆ. ಮಗು ಮಡಿಲಿನಿಂದ ಹಾರಿಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ತಿರುಗಿ ನೋಡಿದಾಗ ಅವಳ ಎರಡು ಕೈಯೂ ಸುತ್ತಿ ಹಿಡಿದ ಹಾಗೆಯೇ ಇದ್ದವು, ನಡುವೆ ಮಾತ್ರ ಏನೂ ಇರಲಿಲ್ಲ.

ಯಾರದೋ ಜೀಪಿನಲ್ಲಿ ತಾಯಿ ಮಗುವನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಮೇಲೆ ಏನಾಯಿತು ಅಂತ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ನಾಲ್ಕು ದಿನ ಜ್ವರ ಅಂತ ಮನೆಯಲ್ಲಿ ಮಲಗಿದ್ದು, ಐದನೇ ದಿನ ಬೇಲೂರು ಅರೇಹಳ್ಳಿ ಲೈನಿಗೆ ಟೆಂಪೋ ಹಾಕಿದೆ. ಧರ್ಮೇಶನ ಜೊತೆ ಹೋಗುವ ತನಕ ಆ ರಸ್ತೆಗೆ ಮತ್ತೆ ಕಾಲಿಡಲಿಲ್ಲ. “ಅಪ್ಪ ಊರಿನ ಮಕ್ಳನ್ನೆಲ್ಲ ಟೆಂಪೋದಲ್ಲಿ ಕರ್ಕಂಡೋಗ್ತಾನೆ, ನನ್ನ ಮಾತ್ರ ಹತ್ತಿಸಲ್ಲ” ಅಂತ ನೀನು ಎಷ್ಟು ಅತ್ತಿದ್ದೀಯ. ದೊಡ್ಡವಳಾದ ಮೇಲೂ ಆ ಮಾತು ಎತ್ತಿ ಆಡಿದ್ದೀಯ. ಕಾರಣ ಇದು. ಮೊನ್ನೆ ಭಾನುವಾರ ಧೈರ್ಯ ಮಾಡಿ ಡೈರಿಯ ಮರಿಯಣ್ಣನನ್ನು ಕೇಳಿದೆ. “ಆ ಮನೆಯೋರಾ? ಕಾಫಿ ತೋಟದ ಕೆಲಸಕ್ಕೆ ಅಂತ ಹೋಗಿ ಇಪ್ಪತ್ ವರ್ಷದ ಮೇಲಾಯ್ತಲ್ಲ. ಮಗು ಇತ್ತಾ? ಯಾರಿಗ್ ಗ್ಯಾಪ್ಕ ಐತೆ ಹನುಮಯ್ಯ” ಅಂದ. ಅದು ಬದುಕಿದ್ದರೆ ಈಗ ನಿನ್ನ ವಯಸ್ಸು. ಬದುಕಿದೆ ಅಂತಲೇ ದಿನಾ ಅಂದುಕೊಳ್ಳುತ್ತೇನೆ. ಹಾಗಾದರೆ ಮೋರಿಯಲ್ಲಿ ಹತ್ತುವುದು ಏನು ಅಂತ ಮತ್ತೆ ಯೋಚನೆ ಬರುತ್ತದೆ.

ಬೇಲೂರಿನಲ್ಲಿ ಲಾಡ್ಜ್ ಇಟ್ಟಿರುವ ಲಕ್ಷ್ಮೀಶ, ಮಕ್ಕಳನ್ನು ಕೂರಿಸುವ ಸೀಟು ಒಂದನ್ನು ಬರುವ ಗೆಸ್ಟುಗಳಿಗಾಗಿ ಇಟ್ಟುಕೊಂಡಿದ್ದಾನೆ. ಆ ಶುಕ್ರವಾರಕ್ಕೆ ಕೇಳಿ ತಂದಿದ್ದೇನೆ. ನಿಮ್ಮಮ್ಮ ನೋಡಿ, “ಬರಾದು ಮೊಮ್ಮಗಳೋ, ಸಂತೆಯಿಂದ ಕರುವೋ? ಹಿಂಗ್ ಕಟ್ಟಾಕ್ಕಂಡ್ ಬರೋಕೆ” ಅಂತ ನಕ್ಕಳು. ಅದನ್ನು ಎಲ್ಲಿ ಕಟ್ಟುವುದು ಅಂತ ಮೂರು ದಿನ ಒದ್ದಾಡಿದೆ. ಶ್ರೀಜಾಳನ್ನು ಎಡಗಡೆ ಕೂರಿಸಿದರೆ ಅದರ ಜಾಗ ಕಿತ್ತುಕೊಂಡ ಹಾಗಾಗುತ್ತದೆ. ಬಲಗಡೆ ಕೂರಿಸಿದರೆ ಅದರ ಪಕ್ಕದಲ್ಲಿ ಕೂರಿಸಿದ ಹಾಗಾಗುತ್ತದೆ. ಕೊನೆಗೆ ಬಲಗಡೆ ಅಂತ ತೀರ್ಮಾನ ಮಾಡಿದೆ. ನಡುವೆ ನೀನು, ಎಡಗಡೆ ನಾನು, ಬೆಲ್ಟು ಹಾಕಿಕೊಂಡು. ಬರುವುದು ಬಂದರೆ ನನ್ನ ಹತ್ತಿರ ಬರಲಿ, ಬೈಯುವುದಿದ್ದರೆ ನನ್ನನ್ನು ಬೈಯಲಿ. ನಿಮ್ಮಮ್ಮನನ್ನು ಮುಂದೆ ಕೂರಿಸುತ್ತೇನೆ, ಹಿಂದಕ್ಕೆ ಕೈ ಚಾಚಿ ಮಗುವನ್ನು ಎತ್ತಿಕೊಳ್ಳದ ಹಾಗೆ.

ಅಳಿಯಂದಿರಿಗೆ ನನ್ನ ನಮಸ್ಕಾರ. ಶ್ರೀಜಾಳ ಎರಡೂ ಕೆನ್ನೆಗೆ ತಾತನ ಮುತ್ತು. ನೀವು ಮೂರೂ ಜನ ಹೋದಲ್ಲಿ ಬಂದಲ್ಲಿ ಸುಖವಾಗಿರಿ, ದೇವರು ನಿಮ್ಮ ಕಡೆ ಕಣ್ಣಿಟ್ಟಿರಲಿ. ಈ ಕಾಗದ ಓದಿ ನನ್ನ ಮೇಲೆ ಬೇಜಾರಾದರೆ ಬಂದ ಮೇಲೆ ಎದುರಿಗೇ ಹೇಳು, ಬರುವುದನ್ನು ಮಾತ್ರ ನಿಲ್ಲಿಸಬೇಡ.

ನಿಮ್ಮಪ್ಪ,
ಹನುಮಯ್ಯ

ಅಂಟಿಸುವ ಮುಂಚೆ ಇನ್ನೆರಡು ಮಾತು. ಸ್ಟೇಷನ್ನಿನಲ್ಲಿ ಶ್ರೀಜಾ ಆ ಸೀಟು ಕಂಡು ಅತ್ತೇ ಅಳುತ್ತಾಳೆ. ನಿಮ್ಮಮ್ಮ “ಅಯ್ಯೋ ಪಾಪ, ನನ್ ಮಡಿಲಿಗ್ ಕೊಡೇ” ಅಂತಾಳೆ. ಕೊಡಬೇಡ. ನಾನೇ ಕರಗಿ ಕೊಡು ಅಂದರೂ ಕೊಡಬೇಡ. ಇನ್ನೊಂದು, ಸೋಮವಾರ ಬೇಕೆಂದೇ ಖಾಲಿ ಸೀಟಿಗೆ ಬೆಲ್ಟು ಹಾಕದೆ ಬಂದೆ. ಮೋರಿ ಬಂತು, ಡೈರಿ ಬಂತು, ಲೈಟು ಹತ್ತಲಿಲ್ಲ. ನಿನ್ನೆಯೂ ಇಲ್ಲ. ಮರಿಯಣ್ಣನನ್ನು ಕೇಳಿದ ಮಾರನೇ ದಿನದಿಂದ ಕಾರು ಸುಮ್ಮನಾಗಿಬಿಟ್ಟಿದೆ. ಹತ್ತಿದ್ದು ಇಳಿದು ಹೋಯಿತೋ, ಇಲ್ಲ ಧರ್ಮೇಶ ನನಗೆ ಕಾಣದ ಹಾಗೆ ಏನಾದರೂ ಮಾಡಿದ್ದಾನೋ ತಿಳಿಯದು. ಕ್ಲಿಪ್ಪು ಎಸೆದೆ ಅಂತ ಆಣೆ ಹಾಕುತ್ತಾನೆ, ಆದರೆ ಇವತ್ತು ಬೆಳಿಗ್ಗೆ ಅವನ ಕೀ ಗೊಂಚಲಿನಲ್ಲಿ ಅಂಥದ್ದೇ ತಗಡು ನೋಡಿದೆ. ಅದು ಯಾವ ಲಾಕಿಗಾದರೂ ಕೂರುತ್ತದೆ. ಇನ್ನು ಎಚ್ಚರಿಸುವವರು ಯಾರೂ ಇಲ್ಲ ಹೇಮಾ. ಲೈಟು ಹತ್ತಿಲ್ಲ ಅಂತ ನೆಮ್ಮದಿಯಾಗಬೇಡ. ಬಲಗಡೆ ಸೀಟ್ ಕವರ್ ಎತ್ತಿ, ಲಾಕಿಗೆ ಬೆರಳಿಟ್ಟು, ಅದರಲ್ಲಿ ಕೂತಿರುವ ತಗಡಿನ ಹಿಂದೆ ಬೆಲ್ಟು ಇದೆಯಾ ಅಂತ ಎಳೆದು ನೋಡು. ಸ್ಟೇಷನ್ನಿನಲ್ಲಿ ಒಂದು ಸಲ ನೋಡಿರುತ್ತೀಯ, ಜಾವಗಲ್ ದಾಟಿದ ಮೇಲೆ ಇನ್ನೊಂದು ಸಲ ನೋಡು.