ಎರಡನೆಯ ಚಮಚ

ಆಗಸ್ಟ್ 5, ಮಂಗಳವಾರ

ಔಷಧ ಕುಡಿಸಿದ್ದನ್ನು ಮುಚ್ಚಿಟ್ಟರೆ ಏನಾಗುತ್ತದೆಂಬ ಮಾತನ್ನು, ನಾನು ಹಗಲಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಈ ಮಕ್ಕಳ ಮನೆಯ ತಾಯಂದಿರಿಗೆ ಮೊದಲು ಹೇಳಿದವರು ವಿಮಲಾಬಾಯಿ, ನಿನ್ನೆ ಸಂಜೆ, ಮೊಮ್ಮಗಳನ್ನು ಕರೆದೊಯ್ಯಲು ಬಂದಾಗ. ಮೈ ಬಿಸಿಯಿರುವ ಮಗುವನ್ನು ನಾವು ಸೇರಿಸಿಕೊಳ್ಳುವುದಿಲ್ಲ. ಕಮಠಾಣದ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ ತಪ್ಪೀತೆಂದು ಕೆಲವರು ನಸುಕಿನಲ್ಲೇ ಜ್ವರದ ಔಷಧ ಕುಡಿಸಿ, ಮೈ ತಣ್ಣಗಾದ ಮೇಲೆ ತಂದು ಬಿಡುತ್ತಾರೆ.

"ಹೋದ ವರ್ಷ ನಾನೂ ಭಾಳ ಶಾಣ್ಯಾಕಿ ಆಗಿದ್ದೆ ನೋಡ್ರಿ," ಎಂದರು ವಿಮಲಾಬಾಯಿ. "ಮುಂಜಾನಿ ಈಕಿಗಿ ದವಾ ಹಾಕೇನಿ ಅಂತ ಇಲ್ಲಿ ಹೇಳಲಿಲ್ಲ. ಜ್ವರ ಏರಿತು, ಇಲ್ಲಿ ಮತ್ತ ಹಾಕಿದ್ರು. ಮನಿಗಿ ಒಯ್ದು ನಾ ಮತ್ತ ಹಾಕಿದೆ. ನಾಕು ದಿನ ಹಿಂಗ. ಬೀದರ ದವಾಖಾನ್ಯಾಗ, ದವಾ ಹೆಚ್ಚಾಗಿ ಲಿವರಿಗೆ ಪೆಟ್ಟು ಬಿದ್ದದ ಅಂದ್ರು. ಒಂಬತ್ತು ದಿನ ಕೂಸು ಹಾಸಗಿ ಬಿಟ್ಟು ಏಳಲಿಲ್ಲ."

ಇಲ್ಲಿ ಹಾಕಿದ್ದು ಯಾರೆಂದು ಅವರು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಹಾಕಿದಾಕಿ ನಾನೇ. ಮುಂಜಾನಿ ಏನು ಕುಡಿಸೀರಿ ಅಂತ ಒಂದು ಮಾತು ಕೇಳಲಿಲ್ಲ."

ದಿನವೂ ನಿಂತು ನಾನು ಹೇಳುವ ಕಥೆ ಕೇಳಿ ನಗುವ ಹೆಂಗಸರು ನಿನ್ನೆ ನಿಲ್ಲದೆ ಮಕ್ಕಳನ್ನು ಎತ್ತಿಕೊಂಡು ಹೋದರು. ಇನ್ನು ಇವರು ನನ್ನ ಕೈಗೆ ಮಕ್ಕಳನ್ನು ಕೊಡಲಾರರು ಎಂದುಕೊಂಡೆ.

ಇಂದು ಬೆಳಿಗ್ಗೆ, ನಿನ್ನೆ ಆ ಮಾತು ಕೇಳಿದ್ದ ದಾನಮ್ಮ ಮಗನನ್ನು ಹೊತ್ತು ಹೊಸ್ತಿಲ ಹೊರಗೇ ನಿಂತಳು.

"ಅಕ್ಕಾ, ಐದಕ್ಕ ಒಂದು ಚಮಚ ದವಾ ಹಾಕೇನ್ರಿ. ಮೈ ಸುಡ್ತಿತ್ತು."

"ಮನಿಗಿ ಒಯ್ಯಬೇಕವ್ವಾ."

"ಒಯ್ತೇನ್ರಿ. ನಿಮಗ ಹೇಳಿ ಹೋಗೂಣಂತ ಬಂದೆ."

ಹಿಂದಿದ್ದವರು ಅವಳಿಗೆ ದಾರಿ ಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ, ನಾನು ಕೇಳುವ ಮೊದಲೇ, "ಏನೂ ಹಾಕಿಲ್ರಿ" ಎನ್ನುತ್ತ ಮಕ್ಕಳನ್ನು ನನ್ನ ಕೈಗೆ ಕೊಟ್ಟರು.